ಹಳೇ ಡ್ಯಾಕ್ ತಗೊಳ್ಳೋ ಮುಂಚೆ

ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಹೋಗುವ 150ಎ ಹೆದ್ದಾರಿಯಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದರ ಹಿಂದೊಂದು ಬರುತ್ತವೆ. ಇಲ್ಲಿ ಮಾತಾಡುವ ಮೂವರನ್ನು ಅವರವರ ಊರಿನ ಹೆಸರಿನಿಂದಲೇ ಕರೆದಿದ್ದೇನೆ. ಲಿಂಗಸುಗೂರಿನವರು ಹೈಸ್ಕೂಲ್ ಮೇಷ್ಟ್ರು, ಸಂಗೀತವನ್ನು ಕೂತು ಕೇಳುವವರು. ಸಿಂಧನೂರಿನವರು ಆಂಪ್ಲಿಫೈಯರ್, ಸೌಂಡ್ ಸೆಟ್ ರಿಪೇರಿ ಮಾಡುವವರು. ಮಸ್ಕಿಯ ಹುಡುಗ ಮನೆಯ ಒಂದು ಕೋಣೆಯಲ್ಲಿ ಜಾನಪದ ಹಾಡು ರೆಕಾರ್ಡ್ ಮಾಡುತ್ತಾನೆ. ಮಾತು ನಡೆದದ್ದು ಆ ಕೋಣೆಯಲ್ಲಿ, ಡ್ಯಾಕ್ ಬಗ್ಗೆ, ಅಂದರೆ ಅಂಕಿಗಳಲ್ಲಿರುವ ಹಾಡನ್ನು ದನಿಯಾಗಿಸುವ ಡಬ್ಬಿಯ ಬಗ್ಗೆ.

ಲಿಂಗಸುಗೂರು: ಬೆಂಗಳೂರಾಗ ಒಬ್ಬರು ಡ್ಯಾಕ್ ಮಾರಾಕತ್ತ್ಯಾರ. ನಾಕೈದು ವರ್ಷ ವಾಪರಿಸಿದ್ದು. ಫೋಟೋದಾಗ ಹೊಸದರಂಗ ಕಾಣ್ತದ. 32 ಬಿಟ್, 768 ಕಿಲೋಹರ್ಟ್ಜ್, ಡಿಎಸ್‌ಡಿ, ಎಂಕ್ಯೂಎ ಎಲ್ಲಾ ಅದ ಅಂತ ಬರದಾರ. ರೊಕ್ಕ ಹಾಕಿಬಿಡಲೇನು?

ಸಿಂಧನೂರು: ರೊಕ್ಕದ ಮಾತು ಆಮ್ಯಾಲ. ನಿಮ್ಮ ಮನ್ಯಾಗ ಏನೇನು ಅದ, ನೀವು ಏನು ಕೇಳ್ತೀರಿ, ಅದನ್ನ ಮೊದಲ ಹೇಳ್ರಿ.

ಲಿಂಗಸುಗೂರು: ಸೊನೊಡೈನ್ ಸ್ಪೀಕರ್ ಜೋಡಿ ಅದ. ಕೊಲ್ಕತ್ತಾದವರು ಮಾಡಿದ್ದು, ಹಳೇವು ಆದ್ರೂ ಗಟ್ಟಿ ಅವ. ಒಂದು ಸ್ಟೀರಿಯೋ ಆಂಪ್ಲಿಫೈಯರ್, ಒಂದು ಲ್ಯಾಪ್‌ಟಾಪ್. ಕೇಳೋದು ಹೆಚ್ಚಾಗಿ ಮಲ್ಲಿಕಾರ್ಜುನ ಮನಸೂರ, ನಮ್ಮ ಜಿಲ್ಲೆಯ ಸಿದ್ದರಾಮ ಜಂಬಲದಿನ್ನಿಯವರ ವಚನ, ನರಸಿಂಹಲು ವಡವಾಟಿಯವರ ಕ್ಲಾರಿಯೋನೆಟ್. ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಹಚ್ಚಿದ್ರ ಹಿಂದ ಗುಂಯ್ ಅಂತದ. ಮೌಸ್ ಸರಿಸಿದ್ರ ಚಿರ್ ಚಿರ್ ಅಂತದ. ತಂಬೂರಿ ದನಿ ಅದರೊಳಗ ಮುಳುಗಿ ಹೋಗ್ತದ. ಮನಸೂರರು ಎರಡು ತಾನಿನ ನಡುವ ಉಸಿರು ತಗೋತಾರಲ್ಲ, ನಂಗ ಅದು ಕೇಳಬೇಕು.

ಸಿಂಧನೂರು: ಹಂಗಾದ್ರ ನಿಮಗ ಬೇಕಾದ್ದು ಗದ್ದಲ ಇಲ್ಲದ ಡ್ಯಾಕ್. 768 ಅಲ್ಲ.

ಲಿಂಗಸುಗೂರು: ಅಂಕಿ ದೊಡ್ಡದಾದಷ್ಟು ದನಿ ಚಲೋ ಆಗೂದಿಲ್ಲೇನು?

ಸಿಂಧನೂರು: ಒಂದು ಮಟ್ಟದ ತನಕ ಆಗ್ತದ. ಆ ಮಟ್ಟ ಯಾವಾಗೋ ಮುಟ್ಟ್ಯಾರ. 1982ರಾಗ ಸೋನಿ, ಫಿಲಿಪ್ಸ್ ಕೂಡಿ ಸಿ.ಡಿ. ತಂದಾಗ, ಸೆಕೆಂಡಿಗೆ 44,100 ಸಲ ದನಿಯ ಮಟ್ಟ ಅಳೀಬೇಕು, ಒಂದೊಂದು ಸಲದ್ದೂ 16 ಬಿಟ್ಟಿನ ಅಂಕಿಯಾಗಿ ಬರದಿಡಬೇಕು ಅಂತ ಗೊತ್ತು ಮಾಡಿದ್ರು. 16 ಬಿಟ್ ಅಂದ್ರ 65,536 ಮೆಟ್ಟಲು. ಮನುಷ್ಯಾನ ಕಿವಿ ಭಾಳ ಅಂದ್ರ 20 ಕಿಲೋಹರ್ಟ್ಜ್ ತನಕ ಕೇಳ್ತದ, ಅದೂ ಹರೇದಾಗ. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳದಿಟ್ಟಿದ್ರ ಅಲೆ ಪೂರ್ತಿ ತಿರುಗಿ ಕಟ್ಟಬಹುದು. ಇದು ಗಣಿತದಾಗ ಸಿದ್ಧ ಆದ ಮಾತು, ಮಾರೋರ ಮಾತಲ್ಲ. ಡ್ಯಾಕ್ ಮಾಡೋದು ಅಷ್ಟ: ಅಂಕಿಗಳನ್ನ ಹಿಂದಕ್ಕ ವೋಲ್ಟೇಜ್ ಮಾಡಿ ಆಂಪ್ಲಿಫೈಯರಿಗೆ ಕೊಡ್ತದ. ನಿಮ್ಮ ಫೋನಿನಾಗೂ ಒಂದು ಅದ, ಲ್ಯಾಪ್‌ಟಾಪಿನಾಗೂ ಒಂದು ಅದ. ಬ್ಯಾರೆ ಡಬ್ಬಿಯಾಗ ಇಡೋದು ಯಾಕಂದ್ರ, ಕಂಪ್ಯೂಟರಿನ ಒಳಗಿನ ವಿದ್ಯುತ್ ಗದ್ದಲದಿಂದ ಅದನ್ನ ದೂರ ಇಡಾಕ.

ಲಿಂಗಸುಗೂರು: ಮನಸೂರರ ಹಳೇ ರೆಕಾರ್ಡಿಂಗಿಗೆ ಇವು ದೊಡ್ಡ ಅಂಕಿ ಏನೂ ಕೆಲಸಕ್ಕ ಬರಂಗಿಲ್ಲ ಅಂತೀರಿ.

ಸಿಂಧನೂರು: ಅವರು ತೀರಿಕೊಂಡದ್ದು 1992ರಾಗ. ಹಾಡಿದ್ದರ ಬಹುಪಾಲು ಟೇಪಿನ ಮ್ಯಾಲ ಅದ. ಟೇಪಿಗೆ ಅದರದೇ ಒಂದು ಸುಂಯ್ ದನಿ ಇರ್ತದ. ಒಳ್ಳೇ ಸ್ಟುಡಿಯೋ ಟೇಪಿನಾಗ ಜೋರು ದನಿಗೂ ಆ ಸುಂಯ್‌ಗೂ ನಡುವಿನ ಅಂತರ 70 ಡೆಸಿಬೆಲ್ಲಿನ ಆಸುಪಾಸು. 16 ಬಿಟ್ಟಿನಾಗ ಆ ಅಂತರ 96. ಅಂದ್ರ ನಿಮ್ಮ ಸಂಗೀತ ಸಿ.ಡಿ. ಅಳತೆಯೊಳಗ ಆರಾಮಾಗಿ ಕೂಡ್ತದ, ಮ್ಯಾಲ ಇನ್ನೂ ಜಾಗ ಉಳೀತದ. ಟೇಪಿನ ಮ್ಯಾಲ ಬಿದ್ದಿಲ್ಲದ ದನಿಯನ್ನ ಯಾವ ಡ್ಯಾಕೂ ತಂದು ಕೊಡಂಗಿಲ್ಲ. ಬಿದ್ದಿದ್ದರ ಮ್ಯಾಲ ತನ್ನ ಗುಂಯ್‌ಕಾರ ಹಾಕದಿದ್ರ ಅದು ಚಲೋ ಡ್ಯಾಕ್.

ಲಿಂಗಸುಗೂರು: ಎಂಕ್ಯೂಎ?

ಸಿಂಧನೂರು: ಅದು ಹಾಡಿನ ಫೈಲ್ ಕಟ್ಟೋ ಒಂದು ಪದ್ಧತಿ. ಅದನ್ನ ತಂದ ಬ್ರಿಟನ್ನಿನ ಕಂಪನಿ 2023ರ ಏಪ್ರಿಲ್‌ದಾಗ ದಿವಾಳಿ ಆಡಳಿತಕ್ಕ ಹೋತು, ಅದೇ ವರ್ಷ ಕೆನಡಾದ ಲೆನ್‌ಬ್ರೂಕ್ ಅದನ್ನ ತಗೊಂಡಿತು. ಹಳೇ ಡ್ಯಾಕಿನ ಮ್ಯಾಲ ಆ ಗುರುತು ಅದ ಅಂತ ಯಾರರ ಹೆಚ್ಚಿಗಿ ಕೇಳಿದ್ರ ಕೊಡಬ್ಯಾಡ್ರಿ. ಚಿಪ್ಪಿನ ಹೆಸರಿಗೂ ಹಂಗ. ಜಪಾನಿನ ನೊಬೆಒಕಾದಾಗ ಎಕೆಎಂ ಅವರ ಚಿಪ್ ಕಾರ್ಖಾನಿ 2020ರ ಅಕ್ಟೋಬರ್‌ದಾಗ ಸುಟ್ಟು ಹೋತು. ಡ್ಯಾಕ್ ಮಾಡೋ ಕಂಪನಿಗಳು ತಮ್ಮ ಬೋರ್ಡ್ ಬದಲಿಸಿ ಇಎಸ್‌ಎಸ್ ಚಿಪ್ ಹಾಕಬೇಕಾತು. ಆವಾಗಿಂದ ‘ಬೆಂಕಿಗಿಂತ ಮೊದಲಿನ ಚಿಪ್’ ಅಂತ ಮಾತು ಹುಟ್ಟೇದ. ಇನ್ನು ಫಿಲಿಪ್ಸಿನ ಟಿಡಿಎ 1541ಎ ಅಂತ 1980ರ ದಶಕದ ಚಿಪ್ ಅದ. ಅದರಾಗ ಆರಿಸಿ ತಗದವಕ್ಕ ಕಿರೀಟದ ಗುರುತು ಹಾಕ್ತಿದ್ರು. ಆ ಕಿರೀಟಾನ ಖೋಟಾ ಒತ್ತಿ ಮಾರೋರು ಇವತ್ತಿಗೂ ಅದಾರ. ಚಿಪ್ ನೋಡಿ ಡ್ಯಾಕ್ ತಗೊಳ್ಳೋದರಾಗ ಅರ್ಥ ಇಲ್ಲ. ಚಿಪ್ಪಿನ ಸುತ್ತ ಇರೋ ಪವರ್ ಸಪ್ಲೈ, ಔಟ್‌ಪುಟ್ ಕಡೆಯ ಸರ್ಕಿಟ್, ಇವನ್ನ ಹ್ಯಾಂಗ ಮಾಡ್ಯಾರ ಅನ್ನೋದರ ಮ್ಯಾಲ ದನಿ ನಿಂತಿರ್ತದ.

ಲಿಂಗಸುಗೂರು: ಹಳೇದರಾಗ ಹಂಗಾದ್ರ ಏನು ನೋಡಲಿ?

ಸಿಂಧನೂರು: ಮೊದಲ ಅಡಾಪ್ಟರ್.

ಲಿಂಗಸುಗೂರು: ಅಡಾಪ್ಟರಾ?

ಸಿಂಧನೂರು: ನನ್ನ ಟೇಬಲ್ಲಿಗೆ ಬರೋ ಸತ್ತ ಡ್ಯಾಕ್‌ಗಳಾಗ ಚಿಪ್ ಕೆಟ್ಟಿದ್ದು ಅಪರೂಪ. ತಪ್ಪು ಅಡಾಪ್ಟರ್ ಹಾಕಿ ಸುಟ್ಟಿದ್ದೇ ಜಾಸ್ತಿ. ಮಾರೋರ ಮನ್ಯಾಗ ಮೂಲ ಅಡಾಪ್ಟರ್ ಕಳೆದಿರ್ತದ, ತೂತಿಗೆ ಕೂಡೋ ಯಾವುದೋ ಒಂದನ್ನ ಕಟ್ಟಿ ಕಳಸ್ತಾರ. ಕೆಲವು ಡ್ಯಾಕಿಗೆ 5 ವೋಲ್ಟ್ ಡಿ.ಸಿ. ಬೇಕು, ಕೆಲವಕ್ಕ 12. ಕೆಲವಕ್ಕ ಡಿ.ಸಿ. ಅಲ್ಲ, ಎ.ಸಿ. ಕೊಡೋ ಅಡಾಪ್ಟರೇ ಬೇಕು. ಪಿನ್ನಿನ ನಡುವ ಪ್ಲಸ್ ಅದನೋ ಮೈನಸ್ ಅದನೋ, ಅದು ಡಬ್ಬಿಯ ಬೆನ್ನಿನ ಮ್ಯಾಲ ಸಣ್ಣ ಚಿತ್ರದಾಗ ಬರದಿರ್ತದ. ಆ ಬೆನ್ನಿನ ಫೋಟೋ, ಅಡಾಪ್ಟರಿನ ಮ್ಯಾಲಿನ ಅಕ್ಷರದ ಫೋಟೋ, ಎರಡೂ ತರಿಸ್ರಿ. ಎರಡು ತಾಳಿ ಆದ್ರ ಮುಂದಿನ ಮಾತು. ಕರೆಂಟ್ ಸೀದಾ ಹಚ್ಚೋ ಡ್ಯಾಕ್ ಇದ್ದು, ಅಮೆರಿಕದಿಂದ ಯಾರೋ ತಂದದ್ದಾದ್ರ ಅದು 115 ವೋಲ್ಟಿಂದು, ಜಪಾನಿಂದಾದ್ರ 100 ವೋಲ್ಟಿಂದು ಇರಬಹುದು. ನಮ್ಮ 230ಕ್ಕ ಹಚ್ಚಿದ ಗಳಿಗ್ಯಾಗ ಟ್ರಾನ್ಸ್‌ಫಾರ್ಮರ್ ಹೋಗ್ತದ.

ಮಸ್ಕಿ: ನಮ್ಮ ಕಡೆ 230 ಅನ್ನೋದೂ ಬರೀ ಹೆಸರಿಗೆ ಅದ ಸರ್. ಪಂಪ್‌ಸೆಟ್ ಹಚ್ಚೋ ಹೊತ್ತಿನಾಗ ಫ್ಯಾನ್ ನಿಧಾನ ತಿರಗ್ತದ. ನಾನು ಹಾಡು ತಗೊಳ್ಳೋ ಮುಂದ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ನಡಸ್ತೀನಿ. ಗುಂಯ್ ಅನ್ನೋದು ಅಲ್ಲಿಗೇ ನಿಂತು ಹೋಗ್ತದ.

ಸಿಂಧನೂರು: ಮೇಷ್ಟ್ರ, ಈ ಹುಡುಗ ಹೇಳಿದ್ದು ಕೇಳಿದ್ರೇನು? ನೀವು ಮನಿಗೆ ಹೋಗಿ ಮೊದಲ ಅದನ್ನ ಮಾಡ್ರಿ. ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ಇಟ್ಟು, ಅದೇ ವೈರಿನಾಗ ಅದೇ ಹಾಡು ಹಚ್ಚ್ರಿ. ಗುಂಯ್ ಹೋತು ಅಂದ್ರ ತಪ್ಪು ಡ್ಯಾಕಿಂದಲ್ಲ, ಚಾರ್ಜರಿಂದು, ಅರ್ಥಿಂಗಿಂದು. ಮೌಸಿನ ಚಿರ್ ಚಿರ್ ಉಳೀತು ಅಂದ್ರ ಅದು ಲ್ಯಾಪ್‌ಟಾಪಿನ ಒಳಗಿನ ಗದ್ದಲ, ಅದಕ್ಕ ಹೊರಗಿನ ಡ್ಯಾಕ್ ಖರೇವಂದ್ರೂ ಮದ್ದು. ಎರಡನ್ನೂ ಬ್ಯಾರೆ ಮಾಡಿಕೊಳ್ಳದ ರೊಕ್ಕ ಹಾಕಿದ್ರ, ಹೊಸ ಡಬ್ಬಿ ತಂದ ಮ್ಯಾಲೂ ಅದೇ ಗುಂಯ್ ಕೇಳ್ಕೋತ ಕೂಡ್ತೀರಿ.

ಲಿಂಗಸುಗೂರು: ಅರ್ಥಿಂಗ್ ನಮ್ಮ ಮನ್ಯಾಗ ಅದ. ಮೂರು ಪಿನ್ನಿನ ಬೋರ್ಡೇ ಹಾಕ್ಸೀನಿ.

ಸಿಂಧನೂರು: ಪಿನ್ ಮೂರು ಇದ್ರ ಸಾಲದು, ಮೂರನೇ ತಂತಿ ನೆಲದ ತನಕ ಹೋಗಿರಬೇಕು, ಅಲ್ಲಿ ಮಣ್ಣು ಹಸಿ ಇರಬೇಕು. ನಮ್ಮದು ಎರಿ ಮಣ್ಣು. ಏಪ್ರಿಲ್ ತಿಂಗಳಾಗ ಕೈ ಹೋಗುವಷ್ಟು ಬಿರುಕು ಬಿಡ್ತದ. ಅರ್ಥಿಂಗ್ ಕೊಳವಿ ಸುತ್ತ ಮಣ್ಣು ಬಿಟ್ಟು ನಿಂತಿರ್ತದ, ವಿದ್ಯುತ್ತಿಗೆ ಇಳ್ಯಾಕ ದಾರಿ ಇರಂಗಿಲ್ಲ. ಗುಂಡಿಯಾಗ ಇದ್ದಲಿ, ಉಪ್ಪು ಹಾಕಿ ಮುಚ್ಚಿರ್ತಾರಲ್ಲ, ಬ್ಯಾಸಗಿಯಾಗ ಅದಕ್ಕ ಆಗಾಗ ಒಂದು ಕೊಡ ನೀರು ಹಾಕಬೇಕು. ಸಿಂಧನೂರಾಗ ಒಂದು ಮನ್ಯಾಗ ಆಂಪ್ಲಿಫೈಯರ್ ಗುಂಯ್ ಅಂತದ ಅಂತ ನನ್ನ ಕರದ್ರು. ನಾನು ಪೆಟ್ಟಿಗಿ ಬಿಚ್ಚಲೇ ಇಲ್ಲ, ಮೊದಲ ಗುಂಡಿಗೆ ನೀರು ಹಾಕಿಸಿದೆ. ಒಳಗ ಕುಂತವರು ‘ಈಗ ಏನು ಮಾಡಿದ್ರಿ, ದನಿ ಕಡಿಮಿ ಆತಲ್ಲ’ ಅಂತ ಕೂಗಿದ್ರು.

ಲಿಂಗಸುಗೂರು: ಇನ್ವರ್ಟರ್ ಮ್ಯಾಲ ನಡಸಬಹುದೇನು?

ಸಿಂಧನೂರು: ಅಗ್ಗದ ಇನ್ವರ್ಟರ್ ಚೌಕ ಅಲೆ ಕೊಡ್ತದ, ಅದಕ್ಕ ಟ್ರಾನ್ಸ್‌ಫಾರ್ಮರ್ ಗುರ್ ಅಂತದ. ಸೈನ್ ವೇವ್ ಇನ್ವರ್ಟರ್ ಇದ್ರ ಅಡ್ಡಿ ಇಲ್ಲ. 5 ವೋಲ್ಟಿನ ಸಣ್ಣ ಡ್ಯಾಕಿಗೆ ಪವರ್‌ಬ್ಯಾಂಕ್ ಹಚ್ಚ್ರಿ, ಕರೆಂಟಿನ ಗೊಡವೀನೇ ಬ್ಯಾಡ. ಮುಂಗಾರಿನ ಮುಂಚಿನ ಮಿಂಚು ಗುಡುಗಿನ ದಿನ ಪಿನ್ ಕಿತ್ತು ಇಡೋದು ಮಾತ್ರ ಮರೀಬ್ಯಾಡ್ರಿ.

ಲಿಂಗಸುಗೂರು: ಬಿಸಿಲಿಂದೂ ಒಂದು ಚಿಂತಿ ಅದ ನಂಗ.

ಸಿಂಧನೂರು: ಇರಬೇಕಾದ ಚಿಂತೀನೇ. ಡ್ಯಾಕಿನ ಪವರ್ ಭಾಗದಾಗ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರ್ತಾವ, ಒಳಗ ಒಂದು ದ್ರಾವಣ. ಬಿಸಿ 10 ಡಿಗ್ರಿ ಏರಿದ್ರ ಅವುಗಳ ಆಯುಷ್ಯ ಅರ್ಧ ಆಗ್ತದ ಅನ್ನೋದು ನಮ್ಮ ಕಸುಬಿನಾಗ ಹಿಡಿಯೋ ಲೆಕ್ಕ. ಬೆಂಗಳೂರಾಗ ತಣ್ಣಗ ಇದ್ದ ಡಬ್ಬಿ, ರಾಯಚೂರು ಜಿಲ್ಲೆಯ 42 ಡಿಗ್ರಿಗೆ ಬಂದು, ಅದೂ ಆಂಪ್ಲಿಫೈಯರಿನ ಮ್ಯಾಲ ಕುಂತ್ರ ಏನಾದೀತು? ಹತ್ತು ಹದಿನೈದು ವರ್ಷದ ಹಳೇ ಡ್ಯಾಕ್ ತಗೊಳ್ಳೋರು ಕೆಪಾಸಿಟರ್ ಬದಲಿಸೋ ಖರ್ಚನ್ನ ರೇಟಿನಾಗೇ ಕಳೀಬೇಕು. ತಲಿ ಉಬ್ಬಿದ ಕೆಪಾಸಿಟರ್ ಕಂಡ್ರ ಚೌಕಾಸಿ ಮಾಡೂದಕ್ಕಿಂತ ಬಿಟ್ಟು ಬರೋದು ಚಲೋ.

ಲಿಂಗಸುಗೂರು: ಯುಎಸ್‌ಬಿ ಬಗ್ಗೆ ಏನರ ಅದ?

ಸಿಂಧನೂರು: ಅದ. 2010ರ ಆಸುಪಾಸಿನ ಎಷ್ಟೋ ಡ್ಯಾಕಿನಾಗ ಯುಎಸ್‌ಬಿ ಕಡೆಯಿಂದ 16 ಬಿಟ್, 48 ಕಿಲೋಹರ್ಟ್ಜ್ ಅಷ್ಟ ಬರ್ತಿತ್ತು. ನಿಮ್ಮ ಹಾಡಿಗೆ ಅದೂ ಸಾಕು. ತೊಡಕು ಬರೋದು ಡ್ರೈವರಿಂದು. ವಿಂಡೋಸ್ 10ಕ್ಕ ಹೊಸ ಯುಎಸ್‌ಬಿ ಆಡಿಯೋ ಪದ್ಧತಿ ತಾನಾಗೇ ತಿಳೀಲಿಕ್ಕೆ ಹತ್ತಿದ್ದು 2017ರಾಗ. ಅದಕ್ಕಿಂತ ಮೊದಲು ಬಂದ ಆ ಪದ್ಧತಿಯ ಡ್ಯಾಕಿಗೆ ಕಂಪನಿಯ ಡ್ರೈವರ್ ಹಾಕಬೇಕಿರ್ತಿತ್ತು, ಕಂಪನಿ ಮುಚ್ಚಿ ಹೋಗಿದ್ರ ಡ್ರೈವರೂ ಹೋತು. ಕೊಳ್ಳೋ ಮುಂಚೆ ನಿಮ್ಮದೇ ಲ್ಯಾಪ್‌ಟಾಪಿಗೆ ಹಚ್ಚಿ ನೋಡಬೇಕು ಅನ್ನೋದು ಇದಕ್ಕ. ಆಪ್ಟಿಕಲ್, ಕೋಆಕ್ಸಿಯಲ್ ತೂತು ಇದ್ದ ಡ್ಯಾಕಿಗೆ ಈ ಕಾಟ ಇಲ್ಲ. 1983ರಾಗ ತೋಷಿಬಾದವರು ತಂದ ಆಪ್ಟಿಕಲ್ ವೈರು ಇವತ್ತಿನ ಟಿ.ವಿ.ಗೂ ಕೂಡ್ತದ. ಮ್ಯಾಲ ಅದು ಬೆಳಕಿನ ವೈರು, ಅದರಾಗಿಂದ ಕರೆಂಟಿನ ಗುಂಯ್ ದಾಟಿ ಬರಂಗಿಲ್ಲ.

ಮಸ್ಕಿ: ಸರ್, ನಾನೊಂದು ಮಾತು ಹೇಳಲೇನು? ಹಳೇ ಡ್ಯಾಕಿಗೆ ಬೆಂಗಳೂರಿಗೆ ಯಾಕ ಹೋಗ್ಬೇಕು? ನಮ್ಮ ಮೂರು ಊರಾಗ ಹಾಡು ಮಾಡೋ ಹುಡುಗರು ಎಷ್ಟು ಮಂದಿ ಅದಾರ. ಎಲ್ಲಾರ ಹತ್ರ ಆಡಿಯೋ ಇಂಟರ್‌ಫೇಸ್ ಅದ. ಕೆಲಸ ಬೆಳೀತು ಅಂದ್ರ ದೊಡ್ಡದು ತಗೋತಾರ, ಎರಡು ಚಾನಲ್ಲಿನ ಸಣ್ಣದು ಮೂಲಿಗೆ ಬೀಳ್ತದ. ನನ್ನದೂ ಒಂದು ಅಲ್ಲೇ ಬಿದ್ದದ.

ಲಿಂಗಸುಗೂರು: ಅದು ಹಾಡು ತುಂಬೋ ಯಂತ್ರ ಅಲ್ಲೇನು? ನಂಗ ಬೇಕಾದ್ದು ಕೇಳೋದು.

ಸಿಂಧನೂರು: ಈ ಮಾತು ಮೊದಲ ನನ್ನ ಬಾಯಾಗ ಬರಬೇಕಿತ್ತು. ಮೇಷ್ಟ್ರ, ಇಂಟರ್‌ಫೇಸಿನ ಒಳಗ ಎರಡು ಕೆಲಸ ಅವ. ಮೈಕಿನ ದನಿಯನ್ನ ಅಂಕಿ ಮಾಡೋದು ಒಂದು. ಹಾಡಿದ್ದು ಸರಿ ಬಂತೋ ಇಲ್ಲೋ ಅಂತ ಕೇಳಾಕ ಅಂಕಿಯನ್ನ ಹಿಂದಕ್ಕ ದನಿ ಮಾಡೋದು ಇನ್ನೊಂದು. ಆ ಎರಡನೇದು ಡ್ಯಾಕ್ ಅಲ್ಲದ ಮತ್ತೇನು? ಸ್ಟುಡಿಯೋದವರು ಹಾಡನ್ನ ತೂಗಿ ನೋಡೋದು ಅದರಾಗೇ. ಹೈಫೈ ಅಂಗಡಿಯವರು ಅದನ್ನ ಡ್ಯಾಕ್ ಅಂತ ಕರಿಯಂಗಿಲ್ಲ ಅಷ್ಟ. ನಿಮ್ಮ ಹತ್ರ ಕ್ಯಾಸೆಟ್ ಏನರ ಅವನು?

ಲಿಂಗಸುಗೂರು: ಅಪ್ಪನವು ಒಂದು ಟ್ರಂಕಿನ ತುಂಬ ಅವ. ಧಾರವಾಡ ಆಕಾಶವಾಣಿಯಿಂದ ತುಂಬಿಕೊಂಡಿದ್ದು ಕೆಲವು. ಮುದಗಲ್ಲಿನ ಮೊಹರಂದಾಗ ರಿವಾಯತ ಪದ ಹಾಡ್ತಾರಲ್ಲ, ಅಪ್ಪ ವರ್ಷಾ ಹೋಗಿ ಸೆಲ್ಲಿನ ಟೇಪ್ ರೆಕಾರ್ಡರಿನಾಗ ತುಂಬಿಕೊಂಡು ಬರ್ತಿದ್ರು. ಕತ್ತಲ ರಾತ್ರಿದು, ಹೊಳಿಗೆ ಹೋಗೋದು, ಎಲ್ಲಾ ಅದ. ಅಪ್ಪ ಹೋದ ಮ್ಯಾಲ ಯಾರೂ ಹಚ್ಚಿಲ್ಲ.

ಸಿಂಧನೂರು: ಒಂದು ಟ್ರಂಕ್! ಅದನ್ನ ಮನ್ಯಾಗ ಇಟ್ಟುಕೊಂಡು 768 ಕಿಲೋಹರ್ಟ್ಜ್ ಹುಡುಕ್ತೀರಲ್ಲ ಮೇಷ್ಟ್ರ. ಮನಸೂರರ ಹಾಡು ನಾಳೆನೂ ಸಿಗ್ತದ, ಕಂಪನಿ ಹತ್ರ ಅದ, ಆಕಾಶವಾಣಿ ಹತ್ರ ಅದ. ಮುದಗಲ್ಲಿನಾಗ ಆ ವರ್ಷ, ಆ ರಾತ್ರಿ ಹಾಡಿದವರ ದನಿ ನಿಮ್ಮ ಟ್ರಂಕ್ ಬಿಟ್ಟು ಜಗತ್ತಿನಾಗ ಎಲ್ಲೂ ಇಲ್ಲ. ಫಿಲಿಪ್ಸಿನವರು ಕ್ಯಾಸೆಟ್ ತಂದದ್ದು 1963ರಾಗ, ನಮ್ಮ ಹಳ್ಳಿಗೆ ಬಂದದ್ದು ಭಾಳ ತಡಾಗಿ. ಆದ್ರ ಅದು ಬಂದ ಮ್ಯಾಲೇ ನಮ್ಮ ರಿವಾಯತ, ದೊಡ್ಡಾಟ, ತತ್ವಪದ ಮನಿಮನ್ಯಾಗ ರೆಕಾರ್ಡ್ ಆಗಿದ್ದು. ಯಾವ ಸ್ಟುಡಿಯೋದವರೂ ಬಂದು ಮಾಡಿದ್ದಲ್ಲ, ನಿಮ್ಮಪ್ಪನಂಥವರು ಸೆಲ್ ಖರ್ಚು ಮಾಡಿ ಮಾಡಿದ್ದು. ಆ ಟೇಪಿನ ಮ್ಯಾಲಿನ ಕಂದು ಪುಡಿ ಬಿಸಿಲಿಗೆ ಉದುರಾಕತ್ತದ. ನಿಮಗ ಬೇಕಾದ್ದು ದನಿಯಿಂದ ಅಂಕಿಗೆ, ಅಂಕಿಯಿಂದ ದನಿಗೆ, ಎರಡೂ ದಿಕ್ಕಿನ ದಾರಿ ಇರೋ ಡಬ್ಬಿ.

ಮಸ್ಕಿ: ಒಂದು ಹುಡುಕೋ ಮುಂದ ಇನ್ನೊಂದು ಸಿಗ್ತದ, ನಮ್ಮ ಮಸ್ಕಿಯ ಶಾಸನಾನೂ ಹಂಗೇ ಸಿಕ್ಕಿದ್ದು ಸರ್. 1915ರಾಗ ಬೀಡನ್ ಅನ್ನೋ ಎಂಜಿನಿಯರ್ ಬಂಗಾರದ ಅದಿರು ಹುಡುಕ್ಕೋತ ಬಂದಿದ್ನಂತ. ಬಂಡಿ ಮ್ಯಾಲ ಅಶೋಕ ಅನ್ನೋ ಹೆಸರು ಸಿಕ್ಕಿತು.

ಸಿಂಧನೂರು: ಡಬ್ಬಿ ತಾ ನೋಡೋಣ.

(ಹುಡುಗ ತಂದದ್ದು ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, 2016ರಲ್ಲಿ ಬಂದ ಎರಡನೇ ತಲೆಮಾರಿನದು. ಕೆಂಪು ಡಬ್ಬಿಯ ಸಂದುಗಳಲ್ಲಿ ದೂಳು ಕೂತಿತ್ತು. ಸಿಂಧನೂರಿನವರು ಕನ್ನಡಕ ಏರಿಸಿ, ಮಲ್ಟಿಮೀಟರನ್ನು ಪಕ್ಕಕ್ಕಿಟ್ಟುಕೊಂಡರು.)

ಸಿಂಧನೂರು: ನೋಡ್ಕೋರಿ ಮೇಷ್ಟ್ರ, ಹಳೇ ಸಾಮಾನು ಹಿಂಗ ನೋಡಬೇಕು. ಮೊದಲ ಯುಎಸ್‌ಬಿ ತೂತು. ವೈರ್ ಹಾಕಿ ಮೆಲ್ಲಕ ಅಲ್ಲಾಡಸ್ತೀನಿ. ದೀಪ ಮಿಣುಕಿದ್ರ ಒಳಗಿನ ಬೆಸುಗಿ ಬಿಟ್ಟದ ಅಂತ. ಇದು ಗಟ್ಟಿ ಅದ. ಈಗ ಒಂದೊಂದು ಗುಬುಟು ತಿರುವ್ತೀನಿ, ಕರ್ರ್ ಅಂದ್ರ ದೂಳು ಹೋಗೇದ... ಈ ದೊಡ್ಡದು ಒಂದು ಸ್ವಲ್ಪ ಅಂತದ. ಸ್ಪ್ರೇ ಹೊಡದ್ರ ಹೋಗ್ತದ, ಆದ್ರ ರೇಟಿನಾಗ ಇದನ್ನ ಹಿಡಿ ತಮ್ಮಾ. ಈಗ ಏನೂ ಹಾಡು ಹಚ್ಚದ ಹೆಡ್‌ಫೋನಿನಾಗ ಕೇಳ್ತೀನಿ. ಎಡಕ್ಕೂ ಬಲಕ್ಕೂ ಸುಂಯ್ ಒಂದೇ ಸಮ ಇರಬೇಕು. ಅದ.

ಲಿಂಗಸುಗೂರು: ಮೀಟರ್ ಯಾಕ?

ಸಿಂಧನೂರು: ಹಾಡು ನಿಲ್ಲಿಸಿದಾಗ ಔಟ್‌ಪುಟ್ಟಿನಾಗ ಡಿ.ಸಿ. ವೋಲ್ಟೇಜ್ ಇರಬಾರದು, ಇದ್ರೂ ಕೆಲವೇ ಮಿಲಿವೋಲ್ಟ್. ಅರ್ಧ ವೋಲ್ಟ್ ತೋರಿಸಿದ್ರ ಅದು ಸ್ಪೀಕರ್ ಕೋನನ್ನ ಒಂದು ಕಡೆ ನೂಕಿ ನಿಲ್ಲಸಬಹುದು, ಆಂಪ್ಲಿಫೈಯರಿಗೂ ಚಲೋ ಅಲ್ಲ. ಎಡಕ್ಕ 2, ಬಲಕ್ಕ 3 ಮಿಲಿವೋಲ್ಟ್. ಚಿಂತಿ ಇಲ್ಲ. ಈಗ ಮುಖ್ಯವಾದ್ದು. ತಮ್ಮಾ, ಎರಡು ಜಾಕ್ ವೈರ್ ಕೊಡು. ಇದರ ಔಟ್‌ಪುಟ್ಟನ್ನ ಇದರದೇ ಇನ್‌ಪುಟ್ಟಿಗೆ ಹಚ್ಚ್ತೀನಿ. ಆಡಾಸಿಟಿ ತಗದು 1 ಕಿಲೋಹರ್ಟ್ಜಿನ ಒಂದು ಸ್ವರ ಹಾಕು, ಅದನ್ನ ತಿರುಗಿ ತುಂಬಿಕೋ.

ಮಸ್ಕಿ: ಹಾಕೀನಿ. ತುಂಬಾಕತ್ತದ.

ಸಿಂಧನೂರು: ಈಗ ನೋಡ್ರಿ, ಒಂದು ಸಲದಾಗ ಎರಡೂ ಪರೀಕ್ಷಾ ಆತು. ಅಂಕಿ ದನಿ ಆಗಿ ಹೋತು, ದನಿ ಅಂಕಿ ಆಗಿ ಬಂತು. ಎಡ ಬಲ ಒಂದೇ ಎತ್ತರ. ಪರದೆ ಮ್ಯಾಲ ಅಲೆ ದುಂಡಗ ಅದ, ತಲಿ ಕತ್ತರಿಸಿಲ್ಲ. ಸ್ವರ ನಿಲ್ಲಿಸಿ ಖಾಲಿ ತುಂಬು. ಆ ಖಾಲಿಯಾಗಿನ ಗದ್ದಲ ಮೈನಸ್ 90 ಡೆಸಿಬೆಲ್ಲಿಗಿಂತ ಕೆಳಗ ಇದ್ರ ನಮಗ ಸಾಕು. ಅದಕ್ಕಿಂತ ಕೆಳಗೇ ಅದ. ಇನ್ನು ಒಂದು ತಾಸು ಇದನ್ನ ಹಚ್ಚೇ ಇಡು. ಕೆಲವು ತಣ್ಣಗಿದ್ದಾಗ ಚಲೋ ನಡೀತಾವ, ಬಿಸಿ ಆದ ಮ್ಯಾಲ ಟಕ್ ಟಕ್ ಅಂತಾವ. ಅದನ್ನ ಹತ್ತು ನಿಮಿಷದ ಭೇಟಿಯಾಗ ಕಂಡು ಹಿಡ್ಯಾಕ ಬರಂಗಿಲ್ಲ. ಕೊರಿಯರಿನಾಗ ತರಿಸೋ ಸಾಮಾನಿನ ದೊಡ್ಡ ಕೊರತಿನೇ ಅದು.

ಲಿಂಗಸುಗೂರು: ನನ್ನ ಆಂಪ್ಲಿಫೈಯರಿನ ಹಿಂದ ಆರ್‌ಸಿಎ ತೂತು ಅವ. ಇದರ ಹಿಂದ ದಪ್ಪ ಜಾಕಿನವು.

ಸಿಂಧನೂರು: ಒಂದು ಕಡೆ 6.35 ಮಿಲಿಮೀಟರ್ ಮೋನೋ ಜಾಕ್, ಇನ್ನೊಂದು ಕಡೆ ಆರ್‌ಸಿಎ ಇರೋ ವೈರ್ ಜೋಡಿ ನಾನೇ ಮಾಡಿ ಕೊಡ್ತೀನಿ. ಉದ್ದ ಬ್ಯಾಡ, ಒಂದೂವರಿ ಮೀಟರ್ ಸಾಕು. ಈಗ ವಡವಾಟಿಯವರ ಕ್ಲಾರಿಯೋನೆಟ್ ಹಚ್ಚು ತಮ್ಮಾ. ಮೇಷ್ಟ್ರಿಗೆ ಹೆಡ್‌ಫೋನ್ ಕೊಡು, ಲ್ಯಾಪ್‌ಟಾಪಿನ ಚಾರ್ಜರ್ ಕೀಳು.

ಲಿಂಗಸುಗೂರು: ... ತಡೀರಿ. ಮತ್ತ ಹಚ್ಚು. ಊದೋ ಮುಂಚಿನ ಗಾಳಿ ಕೇಳ್ತದ. ಕೆಳಗಿನ ಸ್ವರದಾಗ ಕಟ್ಟಿಗಿ ದನಿ ಅದ, ಮ್ಯಾಲ ಹೋದಂಗ ಅದು ತೆಳ್ಳಗ ಆಗ್ತದ. ಸ್ವರದಿಂದ ಸ್ವರಕ್ಕ ಜಾರೋ ಮುಂದ ನಡುವ ಎಲ್ಲೂ ಕಡಿಯಂಗಿಲ್ಲ. ಮನ್ಯಾಗ ನಾನು ಕೇಳಿದ್ದು ಇದೇ ಫೈಲಾ?

ಮಸ್ಕಿ: ನಿಮ್ಮ ಪೆನ್‌ಡ್ರೈವಿಂದೇ ಸರ್.

ಲಿಂಗಸುಗೂರು: ಬೆಂಗಳೂರಿನ ಡ್ಯಾಕಿನಾಗ ಇದಕ್ಕಿಂತ ಹೆಚ್ಚು ಕೇಳಬಹುದೇನು? ಖರೇ ಹೇಳ್ರಿ.

ಸಿಂಧನೂರು: ಯಂತ್ರದಾಗ ಅಳದ್ರ ಅದು ಇದಕ್ಕಿಂತ ಮುಂದ ಇರ್ತದ, ಸುಳ್ಳು ಹೇಳಂಗಿಲ್ಲ. ಆದ್ರ ಆ ಅಂತರ ಇರೋದು ನಿಮ್ಮ ಟೇಪಿನ ಸುಂಯ್‌ಗಿಂತ ಎಷ್ಟೋ ಕೆಳಗ. ಆ ರೊಕ್ಕ ಉಳಿಸಿ ಸ್ಪೀಕರ್ ಕಡೆ ನೋಡ್ರಿ. ಅವನ್ನ ಗ್ವಾಡಿಯಿಂದ ಸ್ವಲ್ಪ ಮುಂದ ತಂದು, ಟ್ವೀಟರ್ ಕಿವಿ ಮಟ್ಟಕ್ಕ ಬರೋಹಂಗ ಸ್ಟ್ಯಾಂಡ್ ಮಾಡಿಸ್ರಿ. ನಮ್ಮ ಮನಿಗಳಾಗ ಗಚ್ಚಿನ ಗ್ವಾಡಿ, ಕಡಪಾ ಕಲ್ಲಿನ ನೆಲ. ದನಿ ಬಡದು ಬಡದು ತಿರುಗಿ ಬರ್ತದ. ನೆಲಕ್ಕ ಒಂದು ದಪ್ಪ ಜಮಖಾನಿ ಹಾಸಿದ್ರ ಆಗೋ ಫರಕು ಯಾವ ಡ್ಯಾಕ್ ಬದಲಿಸಿದ್ರೂ ಆಗಂಗಿಲ್ಲ.

ಲಿಂಗಸುಗೂರು: ಕ್ಯಾಸೆಟ್ ತುಂಬೋದು ಹ್ಯಾಂಗ? ನನ್ನ ಹತ್ರ ಡೆಕ್ ಅದ, ತಿರಗಂಗಿಲ್ಲ.

ಸಿಂಧನೂರು: ಅದನ್ನ ಸಿಂಧನೂರಿಗೆ ತರ್ರಿ. ಬೆಲ್ಟ್ ಕರಗಿ ರಾಟಿಗೆ ಅಂಟಿರ್ತದ, ಕೆರದು ತಗೀಬೇಕು. ಹೊಸ ಬೆಲ್ಟ್ ಹಾಕಿ, ವೇಗ ಸರಿ ಮಾಡಿ ಕೊಡ್ತೀನಿ. ಸೆಕೆಂಡಿಗೆ 4.76 ಸೆಂಟಿಮೀಟರ್ ಟೇಪ್ ಓಡಬೇಕು, ಹೆಚ್ಚುಕಡಿಮಿ ಆದ್ರ ಹಾಡಿನ ಶ್ರುತಿನೇ ಬದಲಿ ಆಗ್ತದ. ಆಮ್ಯಾಲ ಹೆಡ್ಡಿನ ಓರೆ. ನಿಮ್ಮಪ್ಪನವರು ತುಂಬಿದ್ದು ಬ್ಯಾರೆ ಟೇಪ್ ರೆಕಾರ್ಡರಿನಾಗ. ಅದರ ಹೆಡ್ ಎಷ್ಟು ಓರೆ ಇತ್ತೋ ಅಷ್ಟೇ ಓರೆಯಾಗಿ ಓದಿದ್ರ ಮಾತ್ರ ಚೊಕ್ಕ ದನಿ ಬರ್ತದ. ಹೆಡ್ಡಿನ ಬಗಲಾಗ ಸ್ಪ್ರಿಂಗ್ ಹಾಕಿದ ಒಂದು ಸಣ್ಣ ಸ್ಕ್ರೂ ಅದ. ಹಾಡು ಹಚ್ಚಿ, ಒಂದು ಕೂದಲೆಳಿ ಅಷ್ಟು ತಿರುವ್ತ ಹೋಗಬೇಕು. ಹಲಗಿಯ ಬಡತ, ತಾಳದ ಕಿಣಿ ಎಲ್ಲಿ ಜೋರಾಗಿ ಬಿಚ್ಚಿ ಬರ್ತದೋ ಅಲ್ಲಿ ನಿಲ್ಲಿಸ್ರಿ. ಒಂದೊಂದು ಕ್ಯಾಸೆಟ್ಟಿಗೂ ಇದನ್ನ ಮಾಡಬೇಕು. ಬ್ಯಾಸರಾದ್ರೂ ಮಾಡಬೇಕು, ಯಾಕಂದ್ರ ಇಲ್ಲಿ ಬಿಟ್ಟ ದನಿಯನ್ನ ಆಮ್ಯಾಲ ಕಂಪ್ಯೂಟರಿನಾಗ ತರಾಕ ಬರಂಗಿಲ್ಲ.

ಮಸ್ಕಿ: ಸರ್, ಇನ್‌ಪುಟ್ ಬಟನ್ ‘ಲೈನ್’ ಮ್ಯಾಲ ಇಡ್ರಿ. 48 ವೋಲ್ಟಿನ ಬಟನ್ ಬಂದ್ ಮಾಡಿ ಇಡ್ರಿ, ಅದು ಮೈಕಿಗೆ ಬೇಕಾದ್ದು. ಗುಬುಟಿನ ಸುತ್ತಿನ ಉಂಗುರ ಹಸಿರು ಇರಬೇಕು. ಕೆಂಪು ಆತಂದ್ರ ದನಿ ಹರೀತು ಅಂತ ತಿಳ್ಕೋರಿ.

ಲಿಂಗಸುಗೂರು: ಎಷ್ಟು ಬಿಟ್ಟಿನಾಗ ತುಂಬಲಿ?

ಸಿಂಧನೂರು: ತುಂಬೋ ಮುಂದ 24 ಬಿಟ್, 48 ಕಿಲೋಹರ್ಟ್ಜ್. ಇಲ್ಲಿ ದೊಡ್ಡ ಅಂಕಿಗೆ ಅರ್ಥ ಅದ. ಜೋರು ದನಿ ಯಾವಾಗ ಬರ್ತದೋ ಗೊತ್ತಿರಂಗಿಲ್ಲ, ಮ್ಯಾಲ ಜಾಗ ಬಿಟ್ಟು ಕೆಳಗ ತುಂಬಿದ್ರೂ 24 ಬಿಟ್ಟಿನಾಗ ಏನೂ ಕಳಿಯಂಗಿಲ್ಲ. 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಒಂದೂವರಿ ಜಿಬಿ ಹಿಡೀತದ. ಫ್ಲ್ಯಾಕ್ ಮಾಡಿ ಇಟ್ರ ಅಷ್ಟು ಬ್ಯಾಡ, ದನಿಯೂ ಒಂದು ಎಳಿ ಕಡಿಮಿ ಆಗಂಗಿಲ್ಲ. ಎಂಪಿ3 ಮಾಡಿ ಮೂಲ ಅಳಿಸೋ ಕೆಲಸ ಮಾತ್ರ ಮಾಡಬ್ಯಾಡ್ರಿ. ಸುಂಯ್ ತಗದು ಹಾಕೋ ಸಾಫ್ಟ್‌ವೇರ್ ಹಚ್ಚೋದಿದ್ರ ಕಾಪಿ ಮ್ಯಾಲ ಹಚ್ಚ್ರಿ. ಎರಡು ಹಾರ್ಡ್ ಡಿಸ್ಕಿನಾಗ ಇಡ್ರಿ, ಒಂದು ನಿಮ್ಮ ಮನ್ಯಾಗ, ಇನ್ನೊಂದು ಬ್ಯಾರೆ ಊರಾಗ.

ಲಿಂಗಸುಗೂರು: ತಮ್ಮಾ, ಇದಕ್ಕ ಏನು ಕೊಡಲಿ?

ಮಸ್ಕಿ: ಸರ್, ಹೊಸದರ ರೇಟಿನ ಅರ್ಧ ಕೊಡ್ರಿ.

ಸಿಂಧನೂರು: ಎರಡನೇ ತಲೆಮಾರಿಂದಪ್ಪ ಇದು. ಆಮ್ಯಾಲ 2019ರಾಗ ಮೂರನೇದು ಬಂತು, 2023ರಾಗ ನಾಕನೇದು. ಗುಬುಟು ಕರ್ರ್ ಅಂತದ. ಮೂರರಾಗ ಒಂದು ಪಾಲು ತಗೋ, ಗುಬುಟು ನಾನು ಸ್ವಚ್ಛ ಮಾಡಿ ಕೊಡ್ತೀನಿ. ಹಳೇ ಬಿಲ್ ಇದ್ರ ಅದನ್ನೂ ಮೇಷ್ಟ್ರಿಗೆ ಕೊಡು. ಮೂಲ ಯುಎಸ್‌ಬಿ ವೈರೂ ಕೊಡು.

ಮಸ್ಕಿ: ಆತು ಬಿಡ್ರಿ. ಆದ್ರ ಒಂದು ಕೇಳ್ತೀನಿ ಸರ್. ರಿವಾಯತದ ಕ್ಯಾಸೆಟ್ ತುಂಬಿದ ಮ್ಯಾಲ ನಂಗೂ ಒಂದು ಕಾಪಿ ಬೇಕು. ಅದರ ಮ್ಯಾಲ ಬೀಟ್ ಹಾಕಿದ್ರ ನಮ್ಮ ಕಡೆ ಹುಡುಗರು ಕುಣಿದು ಬಿಡ್ತಾರ.

ಲಿಂಗಸುಗೂರು: ಕೇಳಾಕ ಕೊಡ್ತೀನಿ. ಬೀಟ್ ಹಾಕಾಕ ನಾನು ಹ್ಞೂಂ ಅನ್ನೋದು ಸರಿಯಲ್ಲ. ಟೇಪ್ ನಮ್ಮದು, ದನಿ ನಮ್ಮದಲ್ಲ. ಅಪ್ಪ ಒಂದೊಂದು ಕ್ಯಾಸೆಟ್ಟಿನ ಹಾಳಿ ಮ್ಯಾಲ ಹಾಡಿದವರ ಹೆಸರು, ಊರು ಬರದಾರ. ಅವರ ಮನಿಯವರು ಇನ್ನೂ ಇದ್ದಾರು.

ಸಿಂಧನೂರು: ಹಂಗಾದ್ರ ಆ ಹಾಳಿಗಳ ಫೋಟೋ ಮೊದಲ ತಗೀರಿ, ಫೈಲಿನ ಹೆಸರು ಅದರಂಗ ಇಡ್ರಿ. ಮುದಗಲ್ಲಿಗೆ ಹೋದಾಗ ಆ ಮನಿಗಳಿಗೆ ಒಂದೊಂದು ಪೆನ್‌ಡ್ರೈವ್ ಕೊಟ್ಟು, ಈ ಹುಡುಗನ್ನೂ ಕರಕೊಂಡು ಹೋಗಿ ಅವರನ್ನ ಕೇಳಸ್ರಿ. ಕೊಡ್ತೀವಿ ಅಂದ್ರ ಹಾಡು ಮಾಡ್ಲಿ, ಹಾಡಿದವರ ಹೆಸರು ಮೊದಲ ಹಾಕ್ಲಿ.

ಮಸ್ಕಿ: ನಾನು ಬರ್ತೀನಿ ಸರ್. ಹೊಸ ಇಂಟರ್‌ಫೇಸೂ, ಎರಡು ಮೈಕೂ ತರ್ತೀನಿ. ಅವರ ಮನ್ಯಾಗ ಈಗ ಹಾಡೋರು ಇದ್ರ ಅವರದೂ ತುಂಬಿಕೊಂಡು ಬರೋಣು.

ಸಿಂಧನೂರು: ಬ್ಯಾಟರಿ ಮ್ಯಾಲ.

ಮಸ್ಕಿ: ಹೌದ್ರಿ, ಬ್ಯಾಟರಿ ಮ್ಯಾಲ.